“ಏನು ಕಮ್ಮಿ ಮಾಡಿದ್ದೀವಿ ಮೇಡಂ?” ಅಂತ ಕೇಳುವವರಿಗೆ

ಹಾಸನದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮಕ್ಕಳ ಕಷ್ಟಸುಖ ಕೇಳುವ ಕೌನ್ಸೆಲಿಂಗ್ ಜವಾಬ್ದಾರಿಯೂ ನನಗೇ ಬಂದಿದೆ. ಇದು ಗೊತ್ತಿರುವವರು ಪೋಷಕರ ಸಭೆಯಲ್ಲಿ, ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುವಾಗ, ಮದುವೆಮನೆಯ ಪಂಕ್ತಿಯಲ್ಲಿ, ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ ಕೇಳುತ್ತಾರೆ: “ಮೇಡಂ, ನಾವು ಇವನಿಗೆ ಏನು ಕಮ್ಮಿ ಮಾಡಿದ್ದೀವಿ? ಯಾಕೆ ಹಿಂಗಾಡ್ತಾನೆ?”

ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ.

ಈ ಪ್ರಶ್ನೆಯ ಮೇಲೆ ನನಗೆ ಸಿಟ್ಟಿದೆ. ಇದನ್ನು ಕೇಳುವುದು ಹೆಚ್ಚಾಗಿ ಮಗನನ್ನೋ ಮಗಳನ್ನೋ ಪಕ್ಕದಲ್ಲೇ ನಿಲ್ಲಿಸಿಕೊಂಡು. ಕೇಳಿದ ಮೇಲೆ ಪಟ್ಟಿ ಶುರು: ಬೇರೆ ರೂಮು, ಒಳ್ಳೆ ಫೋನು, ನೀಟ್ ಕೋಚಿಂಗು, ಕೇಳಿದ ಬೈಕು. ಹದಿನೇಳರ ಹುಡುಗ ಅದಕ್ಕೆ ಏನಂತ ಉತ್ತರ ಕೊಡಬೇಕು ಹೇಳಿ. “ಏನೂ ಕಮ್ಮಿ ಇಲ್ಲ” ಅಂದರೆ “ಮತ್ತೇನು ರೋಗ ನಿನಗೆ” ಅನ್ನುತ್ತೀರಿ. “ಇಂಥದ್ದು ಕಮ್ಮಿ” ಅಂದರೆ ಉಂಡ ಮನೆಗೆ ಎರಡು ಬಗೆದವನಾಗುತ್ತಾನೆ. ಹಾಗಾಗಿ ತಲೆ ತಗ್ಗಿಸಿ ನಿಲ್ಲುತ್ತಾನೆ. ಅದನ್ನೂ “ನೋಡಿ, ಬಾಯೇ ಬಿಡಲ್ಲ” ಅಂತ ನನಗೆ ತೋರಿಸುತ್ತೀರಿ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನನ್ನು ಕೇಳಿಯೇ, ಗುರುತು ಬದಲಿಸಿ ಬರೆಯುತ್ತಿದ್ದೇನೆ. ಮೊದಲ ವರ್ಷ ಅವನ ಪ್ರಾಕ್ಟಿಕಲ್ ರೆಕಾರ್ಡನ್ನು ಉಳಿದವರಿಗೆ ತೋರಿಸಿ “ಹೀಗೆ ಬರೆಯಿರಿ” ಅನ್ನುತ್ತಿದ್ದೆ. ಎರಡನೇ ವರ್ಷ ದಸರಾ ರಜೆ ಕಳೆದು ಬಂದವನ ರೆಕಾರ್ಡ್ ತೆರೆದರೆ ಹೂವಿನ ಚಿತ್ರ ಅರ್ಧಕ್ಕೇ ನಿಂತಿದೆ. ಭಾಗಗಳಿಗೆ ಸ್ಕೇಲಿಟ್ಟು ಗೆರೆ ಎಳೆದಿದ್ದಾನೆ, ಒಂದಕ್ಕೂ ಹೆಸರು ಬರೆದಿಲ್ಲ. ಅಲ್ಲಿಂದ ಮುಂದೆ ಬರೀ ಖಾಲಿ ಹಾಳೆ. ಮೊದಲ ಪೀರಿಯಡ್ಡಿನಲ್ಲೇ ನಿದ್ದೆ, ಆಗಾಗ ಹೊಟ್ಟೆನೋವು, ಯಾರಾದರೂ ಪೆನ್ನು ಕೇಳಿದರೂ ರೇಗಾಟ. ಅವರಪ್ಪನನ್ನು ಕರೆಸಿದೆ. ಅವರು ಆಗಲೇ ತೀರ್ಮಾನಕ್ಕೆ ಬಂದಿದ್ದರು: ಎಲ್ಲ ಆ ಮೊಬೈಲಿಂದ. ಫೋನು, ಇಯರ್‌ಫೋನು ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

ಅಪ್ಪ ಹೊರಗೆ ಹೋದ ಮೇಲೆ ಹುಡುಗ ಹೇಳಿದ: “ಹಾಡು ಕೇಳಕ್ಕಲ್ಲ ಮೇಡಂ ಅದು. ಅದನ್ನ ಹಾಕ್ಕೊಂಡ್ರೆ ಅವರ ಮಾತು ಕೇಳ್ಸಲ್ಲ.”

ಮನೆಯಲ್ಲಿ ಜಗಳ ಶುಂಠಿ ಸಾಲದ್ದು. ಗುತ್ತಿಗೆ ಜಮೀನಿನಲ್ಲಿ ಶುಂಠಿ ಹಾಕಿದ ವರ್ಷ ರೇಟು ಬಿತ್ತು, ಅಮ್ಮನ ಒಡವೆ ಗಿರವಿಗೆ ಹೋಯಿತು. ಅಂದಿನಿಂದ ರಾತ್ರಿ ಅದೇ ಮಾತು. ಅಮ್ಮ ತಟ್ಟೆ ಇಡುವ ಸದ್ದಿನಲ್ಲೇ ಇವತ್ತು ಜಗಳ ಇದೆಯೋ ಇಲ್ಲವೋ ಅವನು ಹೇಳಬಲ್ಲ. ಗೇಟಿನ ಚಿಲಕ ತೆಗೆಯುವ ರೀತಿಯಲ್ಲೇ ಅಪ್ಪ ಯಾವ ಸ್ಥಿತಿಯಲ್ಲಿ ಬಂದಿದ್ದಾರೆ ಅಂತ ಗೊತ್ತಾಗುತ್ತದೆ. ಇಬ್ಬರೂ ಮಲಗುವ ತನಕ ಅವನಿಗೆ ನಿದ್ದೆ ಇಲ್ಲ. ಓದಿಕೊಳ್ಳಲಿ ಅಂತ ಕೊಟ್ಟ ಆ ಬೇರೆ ರೂಮಿನಲ್ಲಿ ಕೂತು ಹುಡುಗ ಮನೆಯನ್ನು ಕಾವಲು ಕಾಯುತ್ತಿದ್ದ.

ಇವನು ಸೂಕ್ಷ್ಮ ಸ್ವಭಾವದವನು, ಅದಕ್ಕೆ ಹೀಗೆ ಅಂತ ತಳ್ಳಿಹಾಕಬೇಡಿ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. 6ರಿಂದ 12 ತಿಂಗಳ ಕೂಸುಗಳು ನಿದ್ದೆ ಮಾಡುವಾಗ ಸಿಟ್ಟಿನ ದನಿ ಕೇಳಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಅಪ್ಪ ಅಮ್ಮನ ಜಗಳ ಹೆಚ್ಚಿದ್ದ ಮನೆಯ ಕೂಸುಗಳಲ್ಲಿ ಭಾವನೆ, ಒತ್ತಡಗಳನ್ನು ನಿಭಾಯಿಸುವ ಭಾಗಗಳು ಹೆಚ್ಚು ಚುರುಕಾದವು. ನಿದ್ದೆಯಲ್ಲಿರುವ ಕೂಸಿಗೇ ಹೀಗಾದರೆ, ಎಚ್ಚರವಿದ್ದು ಪ್ರತಿ ಮಾತಿನ ಅರ್ಥವೂ ಆಗುವ ಹದಿನೇಳರವನ ಪಾಡೇನು?

ನೀವು ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇದೆ. ನಾವು ಜಗಳ ಆಡುವಾಗ ಮಗ ಎಲ್ಲಿರುತ್ತಾನೆ, ಏನು ಮಾಡುತ್ತಿರುತ್ತಾನೆ? ಇಷ್ಟು ವರ್ಷದಲ್ಲಿ ಒಬ್ಬರೂ ಇದನ್ನು ಕೇಳಿಲ್ಲ. ಮಕ್ಕಳು ಮಾತ್ರ ಕೇಳದೆಯೇ ಹೇಳುತ್ತಾರೆ. ಒಬ್ಬಳು ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಾಳೆ. ಇನ್ನೊಬ್ಬಳು ತಮ್ಮನಿಗೆ ಟೀವಿ ಸೌಂಡ್ ಜಾಸ್ತಿ ಮಾಡಿಕೊಡುತ್ತಾಳೆ. ಕೆಲವರನ್ನು ಅಂಚೆಯವರನ್ನಾಗಿ ಮಾಡಿಟ್ಟಿದ್ದೀರಿ: “ನಿಮ್ಮಪ್ಪಂಗೆ ಹೇಳು, ಬೇಕಾದ್ರೆ ಬಂದು ಉಣ್ಲಿ ಅಂತ.” ಎಲ್ಲಕ್ಕಿಂತ ಭಾರದ ಮಾತು “ನಿನ್ನ ಮುಖ ನೋಡ್ಕೊಂಡು ಈ ಮನೇಲಿದೀನಿ” ಅನ್ನುವುದು. ಆ ಮಾತಿನ ಹಿಂದೆ ಒಬ್ಬ ತಾಯಿಯ ಎಷ್ಟು ವರ್ಷದ ನೋವಿದೆ ಅಂತ ನನಗೆ ಗೊತ್ತು. ಆದರೆ ಕೇಳಿಸಿಕೊಂಡ ಮಗುವಿಗೆ ಅಮ್ಮನ ಸಂಕಟಕ್ಕೆ ತಾನೇ ಕಾರಣ ಅಂತಲೇ ಅರ್ಥವಾಗುತ್ತದೆ. ಜಾನ್ ಗ್ರಿಚ್, ಫ್ರ್ಯಾಂಕ್ ಫಿಂಚಮ್ ಎಂಬ ಮನಃಶಾಸ್ತ್ರಜ್ಞರು 1990ರಲ್ಲೇ ಇದನ್ನು ಬರೆದರು: ಜಗಳದಿಂದ ತನಗೆ ಅಪಾಯವಿದೆ ಅಂತ ಮಗು ಅಂದುಕೊಳ್ಳುತ್ತದೆಯೇ, ತಪ್ಪು ತನ್ನದೇ ಅಂದುಕೊಳ್ಳುತ್ತದೆಯೇ ಎಂಬುದರ ಮೇಲೆ ಪೆಟ್ಟಿನ ಆಳ ನಿಂತಿದೆ.

ಇಲ್ಲಿಗೆ ಬಂದಾಗ ಯಾರಾದರೂ ಹೇಳೇ ಹೇಳುತ್ತಾರೆ: “ನಮ್ಮಪ್ಪ ಅಮ್ಮ ಜಗಳ ಆಡ್ಲಿಲ್ವಾ? ನಾವು ಬೆಳೀಲಿಲ್ವಾ?” ಬೆಳೆದಿರಿ. ಮನೆಯಲ್ಲಿ ಅಜ್ಜಿ ಇದ್ದರು, ಹಿಂದಿನ ಬೀದಿಯಲ್ಲಿ ದೊಡ್ಡಪ್ಪನ ಮನೆ ಇತ್ತು, ರಾತ್ರಿ ಹೋಗಿ ಮಲಗಿದರೆ ಯಾಕೆ ಬಂದೆ ಅಂತ ಕೇಳುವವರಿರಲಿಲ್ಲ. ಮೂವತ್ತು ನಲವತ್ತರ ಸೈಟಿನ ಮನೆಯಲ್ಲಿ ಒಬ್ಬನೇ ಮಗ ಎಲ್ಲಿಗೆ ಹೋಗಬೇಕು? ಮತ್ತೆ, ಆ ಕಾಲದಲ್ಲಿ ಎಲ್ಲರೂ ಸರಿಯಾಗಿ ಬೆಳೆದರು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಇವತ್ತು ರಾತ್ರಿ ತಟ್ಟೆ ಎಸೆಯುವ ಅಪ್ಪಂದಿರಲ್ಲಿ ಎಷ್ಟೋ ಜನ ಆ ಕಾಲದ ಮಕ್ಕಳೇ.

ಜಗಳವೇ ಆಡಬೇಡಿ ಅಂತ ನಾನು ಹೇಳುತ್ತಿಲ್ಲ. ಸಾಲ ಇದೆ, ಜಮೀನಿನ ಪಾಲಿನ ವಿಷಯ ಇದೆ, ಮಾತಿಗೆ ಮಾತು ಬೆಳೆಯುತ್ತದೆ. ಮಾರ್ಕ್ ಕಮಿಂಗ್ಸ್ ಎಂಬ ಮನಃಶಾಸ್ತ್ರಜ್ಞ ದೊಡ್ಡವರ ಜಗಳ ನೋಡುವ ಮಕ್ಕಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಜಗಳ ಬಗೆಹರಿದದ್ದನ್ನು ಕಂಡ ಮಕ್ಕಳ ಕಳವಳ ಗಣನೀಯವಾಗಿ ಇಳಿಯುತ್ತಿತ್ತು. ರಾಜಿಯಾದದ್ದು ಕಣ್ಣೆದುರು ನಡೆಯದಿದ್ದರೂ, ಆಯಿತು ಅಂತ ತಿಳಿದರೂ ಸಮಾಧಾನವಾಗುತ್ತಿತ್ತು. ಮಾತು ಬಿಟ್ಟು ಮುಖ ತಿರುಗಿಸಿಕೊಂಡು ಓಡಾಡುವುದನ್ನು ಮಾತ್ರ ಮಕ್ಕಳು ಜಗಳವೆಂದೇ ಗ್ರಹಿಸುತ್ತಿದ್ದರು. ಆದ್ದರಿಂದ “ನಾವು ಅವನ ಮುಂದೆ ಜಗಳಾನೇ ಆಡಲ್ಲ, ಮಾತಾಡೋದನ್ನೇ ಬಿಟ್ಟಿದ್ದೀವಿ” ಅಂತ ಹೆಮ್ಮೆಯಿಂದ ಹೇಳಬೇಡಿ. ಬೆಳಿಗ್ಗೆ ತಿಂಡಿ ಕೊಡುವಾಗ ಒಂದು ಮಾತು ಹೇಳಿ: ರಾತ್ರಿ ಜೋರಾಯ್ತು ಕಣೋ, ದುಡ್ಡಿನ ವಿಷಯ, ನಿಂದೇನೂ ಇಲ್ಲ ಅದರಲ್ಲಿ, ಹಿಂಗೆ ಮಾಡೋಣ ಅಂತ ಇಬ್ಬರೂ ಮಾತಾಡ್ಕೊಂಡಿದ್ದೀವಿ. ಆದರೆ ನಿಜವಾಗಿ ಮಾತಾಡಿಕೊಂಡಿರಬೇಕು. ಸುಳ್ಳು ಹೇಳಿದರೆ ಅವರಿಗೆ ಗೊತ್ತಾಗುತ್ತದೆ.

ಹೊಡೆತ ಬಡಿತ ಇರುವ ಮನೆಗೆ ನಾನು ಈ ಮಾತು ಹೇಳುತ್ತಿಲ್ಲ. ಅಲ್ಲಿ ಮೊದಲು ಬೇಕಿರುವುದು ರಕ್ಷಣೆ. ಸಹಾಯವಾಣಿ ನಂಬರು ಮಹಿಳೆಯರಿಗೆ 181, ಮಕ್ಕಳಿಗೆ 1098.

ಮಕ್ಕಳ ಎಲ್ಲ ಕಷ್ಟಕ್ಕೂ ಮನೆಯ ಜಗಳವೇ ಕಾರಣ ಅಂತಲೂ ಅಲ್ಲ. ವಂಶದಲ್ಲಿ ಬಂದಿರಬಹುದು, ಕಾಲೇಜಿನಲ್ಲಿ ಯಾರೋ ಕಾಡುತ್ತಿರಬಹುದು. 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು, ನಾನೂ ಖುಷಿಪಟ್ಟೆ. ಆದರೆ ಆ ಒಂದನೇ ಸ್ಥಾನದ ಭಾರ ಹೊರುವುದು ಮಕ್ಕಳೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವರ್ಷದವರಲ್ಲಿ ಏಳಕ್ಕೆ ಒಬ್ಬರಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇರುತ್ತದೆ. 70 ಮಕ್ಕಳ ಒಂದು ಸೆಕ್ಷನ್ನಿಗೆ ಹತ್ತು ಜನ. ಹಾಜರಿ ಕರೆಯುವಾಗ ಈ ಲೆಕ್ಕ ನನ್ನ ತಲೆಯಿಂದ ಹೋಗುವುದಿಲ್ಲ.

ಈ ವಯಸ್ಸಿನಲ್ಲಿ ಖಿನ್ನತೆ ಅಂದರೆ ಅಳುತ್ತಾ ಕೂರುವುದೇ ಆಗಬೇಕಿಲ್ಲ. ಸಿಡುಕಾಗಿ ಬರಬಹುದು, ನಿದ್ದೆಗೆಟ್ಟು ಬರಬಹುದು, ಸ್ಕ್ಯಾನಿಂಗಿನಲ್ಲಿ ಏನೂ ಕಾಣದ ಹೊಟ್ಟೆನೋವಾಗಿ ಬರಬಹುದು. ಎರಡು ವಾರ ದಾಟಿಯೂ ಹಾಗೇ ಇದ್ದರೆ ದೇವರಿಗೆ ಹರಕೆ ಹೊರುವುದಿದ್ದರೆ ಹೊರಿ, ಡಾಕ್ಟರ ಹತ್ತಿರವೂ ಹೋಗಿ. ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಸಕಲೇಶಪುರದಿಂದಲೋ ಅರಕಲಗೂಡಿನಿಂದಲೋ ಬರುವುದು ಕಷ್ಟವಾದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತು ಆಡಿದರೆ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ. ಹೆದರಿಸಲು ಹೇಳುತ್ತಾನೆ ಅಂತ ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ.

ಆ ಹುಡುಗನಿಗೆ ಚಿಕಿತ್ಸೆ ನಡೆಯುತ್ತಿದೆ. ಸಾಲ ಇನ್ನೂ ತೀರಿಲ್ಲ, ಮನೆಯಲ್ಲಿ ಈಗಲೂ ಮಾತು ಬೆಳೆಯುತ್ತದಂತೆ. ಇಯರ್‌ಫೋನು ವಾಪಸ್ ಕೊಟ್ಟಿದ್ದಾರೆ.

ಇನ್ನು ನನ್ನನ್ನು ಕಾಣಲು ಬರುವವರು ಶನಿವಾರ ತರಗತಿ ಮುಗಿದ ಮೇಲೆ ಬನ್ನಿ. ಅಪ್ಪ ಅಮ್ಮ ಇಬ್ಬರೂ ಬನ್ನಿ. ಅವತ್ತು ಮಗನನ್ನು ಕರೆತಂದು ಹೊರಗಿನ ಬೆಂಚಿನ ಮೇಲೆ ಕೂರಿಸಬೇಡಿ. ಅವನ ಹತ್ತಿರ ನಾನು ಬೇರೆ ದಿನ ಮಾತಾಡುತ್ತೇನೆ.