ಭಾನುವಾರದ ಕ್ಲಾಸು: ಜೂನ್‌ನಿಂದ ಆಗಸ್ಟ್ ತನಕ

ಕಳೆದ ಸಲ ಬರೆದಿದ್ದು ಮೇ ತಿಂಗಳಲ್ಲಿ, ಆಮೇಲೆ ಕೂತು ಬರೆಯೋಕೆ ಪುರುಸೊತ್ತೇ ಸಿಗ್ಲಿಲ್ಲ. ಭಾನುವಾರ ಬೆಳಗಾದ್ರೆ ದಾವಣಗೆರೇಲಿ ಬಸ್ ಹತ್ತಿ ಚಿತ್ರದುರ್ಗದಲ್ಲಿ ಇಳಿದು ಇನ್ನೊಂದು ಬಸ್ ಹಿಡಿದು ಊರು ಸೇರೋಷ್ಟ್ರಲ್ಲಿ ಹತ್ತು ಗಂಟೆ, ಸಂಜೆ ಅದೇ ದಾರೀಲಿ ವಾಪಸ್. ಹೊಸದಾಗಿ ಓದ್ತಿರೋರಿಗೆ ಒಂದು ಮಾತು, ಚಳ್ಳಕೆರೆ ತಾಲ್ಲೂಕಿನ ನಮ್ಮೂರ ಸರ್ಕಾರಿ ಹೈಸ್ಕೂಲ್ ಮಕ್ಕಳ ಜೊತೆ ಎರಡು ವರ್ಷದಿಂದ ಭಾನುವಾರ ಕೂರ್ತಿದ್ದೀನಿ. ನಾನೂ ಅಲ್ಲೇ ಓದಿದ್ದು, ಡಿಪ್ಲೊಮಾ ಮುಗಿಸಿ ಈಗ ಮೆಂಟೆನೆನ್ಸ್ ಕೆಲಸದಲ್ಲಿದ್ದೀನಿ. ಈ ವರ್ಷ 26 ಮಕ್ಕಳಿದಾರೆ.

ಜೂನ್‌ನಲ್ಲಿ ಪಾಠ ಕಮ್ಮಿ, ಮನೆಮನೆ ಓಡಾಟ ಜಾಸ್ತಿ. ಅಪ್ಪ ಅಮ್ಮನ ಹತ್ರ ಮಾತಾಡದೆ ಮಕ್ಕಳಿಗೆ ಮಾತ್ರ ಹೇಳಿದ್ರೆ ಅದು ಹತ್ತನೇ ಕ್ಲಾಸಿಗೇ ನಿಂತು ಹೋಗುತ್ತೆ ಅಂತ ಮೊದಲ ವರ್ಷವೇ ಗೊತ್ತಾಗಿತ್ತು. ಒಬ್ಬ ಹುಡುಗನ ಅಪ್ಪ ಕುರಿ ಸಾಕೋರು, ಜಗಲಿ ಮೇಲೆ ಕೂರಿಸಿ ಟೀ ಕೊಟ್ಟು ಕೇಳಿದ್ರು, "ಖುದಾಪುರದ ಕಡೆ ಆ ಕಾಂಪೌಂಡ್ ಹಾಕವ್ರಲ್ಲಪ್ಪ, ಮುಂಚೆ ಅದ್ರೊಳಗೆ ನಮ್ಮ ಕುರಿ ಮೇಯ್ತಿದ್ವು. ಈಗ ಅಲ್ಲಿ ನಮ್ಮೂರ ಹುಡುಗ್ರು ಯಾರು ಅವ್ರೆ ಹೇಳು." ನನ್ನ ಹತ್ರ ಉತ್ತರ ಇರ್ಲಿಲ್ಲ. ನಮ್ಮ ಕಾವಲ್‌ನಲ್ಲೇ, ಅಂದ್ರೆ ದನ ಕುರಿ ಮೇಯೋ ಹುಲ್ಲುಗಾವಲಲ್ಲೇ, ಡಿಆರ್‌ಡಿಒ ಟೆಸ್ಟ್ ರೇಂಜ್ ಇದೆ, ಐಐಎಸ್‌ಸಿ ಕ್ಯಾಂಪಸ್ ಇದೆ, ಇಸ್ರೋದ ಮತ್ತೆ ಮತ್ತೆ ಬಳಸೋ ಥರದ ರೆಕ್ಕೆ ಇರೋ ರಾಕೆಟ್ ಪುಷ್ಪಕ್‌ನ ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟು ಅದು ತಾನಾಗೇ ಬಂದು ರನ್‌ವೇ ಮೇಲೆ ಇಳಿದಿದ್ದೂ ಇಲ್ಲೇ, 2023ರ ಏಪ್ರಿಲ್ 2, 2024ರ ಮಾರ್ಚ್ 22, ಜೂನ್ 23, ಮೂರು ಸಲ. ನಮ್ಮ ಮಕ್ಕಳು ಅದನ್ನ ನೋಡಿದ್ದು ಮೊಬೈಲ್‌ನಲ್ಲಿ.

ಆ ಮಾತು ಮನಸ್ಸಲ್ಲೇ ಕೂತ್ಕೊಂಡ್ತು. ಮುಂದಿನ ಭಾನುವಾರ ಪಾಠ ಬಿಟ್ಟು ಇಸ್ರೋದಲ್ಲಿ ಯಾವ್ಯಾವ ಕೆಲಸಕ್ಕೆ ಎಷ್ಟು ಓದಿರಬೇಕು ಅಂತ ಬೋರ್ಡ್ ಮೇಲೆ ಬರೆದೆ. ಟೆಕ್ನಿಷಿಯನ್ ಬಿ ಆಗೋಕೆ ಎಸ್‌ಎಸ್‌ಎಲ್‌ಸಿ ಜೊತೆ ಐಟಿಐ, ಟೆಕ್ನಿಕಲ್ ಅಸಿಸ್ಟೆಂಟ್‌ಗೆ ಫಸ್ಟ್ ಕ್ಲಾಸ್ ಡಿಪ್ಲೊಮಾ, ಸೈಂಟಿಸ್ಟ್ ಇಂಜಿನಿಯರ್‌ಗೆ ಬಿಇ. ಅಲ್ಲಿ ಇರೋರೆಲ್ಲ ವಿಜ್ಞಾನಿಗಳೇ, ಅವರೆಲ್ಲ ಬೆಂಗಳೂರಲ್ಲಿ ಇಂಗ್ಲಿಷ್‌ನಲ್ಲಿ ಓದಿದೋರೇ ಅಂತ ಮಕ್ಕಳು ನಂಬಿದ್ರು, ಐಟಿಐ ಅಂತ ಬರೆದಾಗ ಹಿಂದಿನ ಬೆಂಚಿನ ಮೂರ್ನಾಲ್ಕು ಹುಡುಗ್ರು ನೆಟ್ಟಗೆ ಕೂತ್ರು. ಡಿಪ್ಲೊಮಾ ಆದ್ಮೇಲೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೀದಾ ಸೇರಬಹುದು ಅನ್ನೋದು, ಹೆಣ್ಣುಮಕ್ಕಳಿಗೆ ಎಐಸಿಟಿಇ ಪ್ರಗತಿ ಸ್ಕಾಲರ್‌ಶಿಪ್ ವರ್ಷಕ್ಕೆ 50,000 ಇದೆ ಅನ್ನೋದು, ಎರಡೂ ಯಾರಿಗೂ ಗೊತ್ತಿರ್ಲಿಲ್ಲ.

ಇನ್ನೊಂದು ಮನೇಲಿ ಮಗನ್ನ ಒಂಬತ್ತಕ್ಕೆ ದುರ್ಗದ ಇಂಗ್ಲಿಷ್ ಮೀಡಿಯಂಗೆ ಹಾಕೋಕೆ ಹೊರಟಿದ್ರು, ಸಾಲಾನೂ ಹೇಳಿ ಇಟ್ಟಿದ್ರು. ಸಿಇಟಿಯಲ್ಲಿ ಗ್ರಾಮೀಣ ಕೋಟಾ 15 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್, ಎರಡಕ್ಕೂ 1ರಿಂದ 10ರ ತನಕ ಪೂರ್ತಿ ಓದಿರಬೇಕು, ಎರಡು ವರ್ಷಕ್ಕೋಸ್ಕರ ಎಂಟು ವರ್ಷದ್ದು ಕಳ್ಕೋತೀರಿ ಅಂದೆ. ಹೋಗ್ಬೇಡಿ ಅಂತ ನಾನು ಹೇಳ್ಲಿಲ್ಲ, ಅದು ಅವರ ಮನೆ ವಿಷ್ಯ, ಗೊತ್ತಿದ್ದು ತೀರ್ಮಾನ ಮಾಡ್ಲಿ ಅಂತಷ್ಟೇ. ಹುಡುಗ ಇಲ್ಲೇ ಉಳಿದ.

ಜುಲೈ ಪೂರ್ತಿ ಒಂದು ಹೆಸರಿನ ಇನಿಷಿಯಲ್ ಹಿಂದೆ ಹೋಯ್ತು. ನಮ್ಮ ಹುಡುಗಿ ಒಬ್ಳು ಎಂಟನೇ ಕ್ಲಾಸಲ್ಲಿ ಎನ್‌ಎಂಎಂಎಸ್ ಅನ್ನೋ ಸ್ಕಾಲರ್‌ಶಿಪ್ ಪರೀಕ್ಷೆ ಪಾಸಾಗಿದ್ಲು. ವರ್ಷಕ್ಕೆ 12,000, ಪಿಯುಸಿ ಮುಗಿಯೋ ತನಕ ಬರೋ ದುಡ್ಡು, ಆದ್ರೆ ಖಾತೆಗೆ ಒಂದು ಪೈಸೆ ಬಿದ್ದಿರ್ಲಿಲ್ಲ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಶಾಲೆ ದಾಖಲೇಲಿ ಹಿಂದೆ, ಅಷ್ಟೇ ವ್ಯತ್ಯಾಸ. ಒಂದು ಆಫೀಸಿನೋರು ಬ್ಯಾಂಕ್‌ಗೆ ಹೋಗಿ ಅಂದ್ರು, ಬ್ಯಾಂಕಿನೋರು ಆಫೀಸಿಗೇ ಹೋಗಿ ಅಂದ್ರು, ಅವಳ ಅಮ್ಮ ನಾಲ್ಕು ದಿನದ ಕೂಲಿ ಬಿಟ್ಟು ಅಲೆದ್ರು. ಕೊನೆಗೆ ಹೆಡ್‌ಮಾಸ್ಟರ್ ತಾವೇ ಜೊತೆಗೆ ಹೋಗಿ ಸರಿ ಮಾಡಿಸಿದ್ರು. ನನಗೆ ಇನ್ನೂ ಸಂಕಟ ಆಗೋದು ಆ ನಾಲ್ಕು ದಿನದ ಕೂಲಿ ನೆನೆಸ್ಕೊಂಡ್ರೆ. ಈಗ ಎಂಟನೇ ಕ್ಲಾಸಿನ ಎಲ್ಲ ಮಕ್ಕಳ ಆಧಾರ್ ಹೆಸ್ರು ಶಾಲೆ ಹೆಸ್ರು ಪಕ್ಕಪಕ್ಕ ಬರೆದು ನೋಡಿದ್ದೀವಿ, ಐದು ತಪ್ಪು ಸಿಕ್ಕಿದಾವೆ.

ಆಗಸ್ಟ್ ಮಾತ್ರ ತುಂಬಾ ಚೆನ್ನಾಗಿತ್ತು.

ನಮ್ಮ ಕಡೆ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಏಪ್ರಿಲ್ ಕೊನೇಲಿ ಒಂದು ಸಲ, ಆಗ ಶಾಲೆಗೆ ರಜೆ, ಇನ್ನೊಂದು ಆಗಸ್ಟ್ 14ರ ಸುಮಾರಿಗೆ. ಅವತ್ತು ನೆಟ್ಟಗೆ ನಿಲ್ಲಿಸಿದ ಕೋಲಿಗೆ ಮಧ್ಯಾಹ್ನ ನೆರಳೇ ಇರಲ್ಲ. 10ನೇ ತಾರೀಖು ಭಾನುವಾರ ತಯಾರಿ ಮಾಡಿದ್ವಿ. ಗಾರೆ ಕೆಲಸದೋರ ಮಗ ಅಪ್ಪನ ತೂಗುಗುಂಡು, ರಸಮಟ್ಟ ತಂದಿದ್ದ, ಒಂದಡಿ ಪೈಪ್ ಕೂದಲೆಳೆ ಅಲ್ಲಾಡದ ಹಾಗೆ ಅವನೇ ನಿಲ್ಲಿಸ್ದ, ನಾವ್ಯಾರೂ ಕೈ ಹಾಕ್ಲಿಲ್ಲ. ಸುತ್ತ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದ ಜಾಗ, ಮಧ್ಯಾಹ್ನದ ಮೇಲೆ ಮುಟ್ಟಿದ ಜಾಗ ಗುರುತು ಮಾಡಿ, ಅವೆರಡರ ನಡುಮಧ್ಯಕ್ಕೆ ಗೆರೆ ಎಳೆದ್ರೆ ಅದೇ ಉತ್ತರ ದಕ್ಷಿಣ.

14 ಗುರುವಾರ ರಜೆ ಹಾಕಿ ಹೋದೆ. ಗ್ರೌಂಡಲ್ಲಿ ಮಾರನೇ ದಿನದ ಪರೇಡ್ ಪ್ರಾಕ್ಟೀಸ್, ಡ್ರಮ್ ಸದ್ದು. 12:15ಕ್ಕೆ ಮೋಡ ಬಂತು, ಎಲ್ಲರ ಮುಖ ಬಾಡಿ ಹೋಯ್ತು, 12:25ಕ್ಕೆ ಬಿಟ್ಟುಕೊಡ್ತು. 12:28ಕ್ಕೆ ಪೈಪಿನ ನೆರಳು ಪೈಪಿನ ಬುಡದೊಳಗೇ ಹೋಗಿಬಿಡ್ತು. ಪಿಟಿ ಮೇಷ್ಟ್ರು ಪರೇಡ್ ನಿಲ್ಲಿಸಿ ಎಲ್ಲರನ್ನೂ ಕರ್ಕೊಂಡು ಬಂದ್ರು.

ಆಗ ಆ ಇನಿಷಿಯಲ್ ಹುಡುಗಿ ಕೇಳಿದ್ಲು, "ಅಣ್ಣಾ, 12ಕ್ಕೆ ಅಲ್ವಾ ಸೂರ್ಯ ನೆತ್ತಿಗೆ ಬರ್ಬೇಕು?" ನಮ್ಮ ದೇಶದ ಗಡಿಯಾರ ಪ್ರಯಾಗರಾಜ್ ಹತ್ರ ಹಾದು ಹೋಗೋ 82.5 ಡಿಗ್ರಿ ರೇಖಾಂಶದ್ದು, ಚಳ್ಳಕೆರೆ 76.65, ಒಂದು ಡಿಗ್ರಿಗೆ ನಾಲ್ಕು ನಿಮಿಷ ಅಂದೆ. ನೆಲದ ಮೇಲೇ ಲೆಕ್ಕ ಹಾಕಿದ್ಲು, 23.4 ಬಂತು. ನಾನು ಶಭಾಷ್ ಅನ್ನೋಷ್ಟ್ರಲ್ಲಿ, "ಮತ್ತೆ ಇನ್ನೂ ನಾಲ್ಕೂವರೆ ನಿಮಿಷ ಎಲ್ಲೋಯ್ತು?" ಅಂದ್ಲು. ಆ ಕ್ಷಣಕ್ಕೆ ನನಗೆ ಹೊಳೀಲಿಲ್ಲ, ಓದ್ಕೊಂಡು ಬಂದು ಹೇಳ್ತೀನಿ ಅಂದೆ. ಭೂಮಿ ಸುತ್ತೋ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷ ವಾಲಿದೆ, ಅದರಿಂದ ಸೂರ್ಯ ಗಡಿಯಾರಕ್ಕಿಂತ ಒಮ್ಮೆ ಮುಂದೆ ಒಮ್ಮೆ ಹಿಂದೆ. 17ನೇ ತಾರೀಖು ಹೋಗಿ ಇಷ್ಟು ಹೇಳಿದೆ.

ಅವಳು ಅಲ್ಲಿಗೆ ಬಿಡ್ಲಿಲ್ಲ. ಗಣಿತ ಮೇಡಂ ಹತ್ರ ದಿನಾ ಹತ್ತು ನಿಮಿಷ ಪರ್ಮಿಷನ್ ತಗೊಂಡು ನೆರಳು ಗೆರೆ ಮೇಲೆ ಬಿದ್ದ ಟೈಮ್ ಬರೀತಿದಾಳೆ. ಮುಂಚೆ ದಕ್ಷಿಣಕ್ಕೆ ಬೀಳ್ತಿದ್ದ ಮಧ್ಯಾಹ್ನದ ನೆರಳು ಈಗ ಉತ್ತರಕ್ಕೆ ಬೀಳ್ತಿದೆ ಅಂತಾನೂ ಅವಳೇ ಬರ್ಕೊಂಡಿದಾಳೆ. ನಿನ್ನೆ, 31ನೇ ತಾರೀಖು, ನನ್ನೆದುರಿಗೇ ನೋಡಿದ್ದು 12:24. "ಹಿಂಗೇ ಇಳೀತಾ ಹೋದ್ರೆ 12ಕ್ಕೆ ಬಂದು ನಿಲ್ಲುತ್ತಾ ಅಣ್ಣಾ?" ಅಂತ ಕೇಳಿದ್ಲು. ಈ ಸಲ ನನಗೆ ಉತ್ತರ ಗೊತ್ತಿತ್ತು. ಹೇಳ್ಲಿಲ್ಲ, ನವೆಂಬರ್ ತನಕ ಬರೀತಾ ಹೋಗು ಅಂತ 200 ಪೇಜಿನ ನೋಟ್‌ಬುಕ್ ಕೊಟ್ಟು ಬಸ್ ಹತ್ತಿದೆ.