ಬ್ಯಾರನ್ ಮನೆಯ ರೋಡ್‌ಕಿಂಗ್‌ಗೆ ಎಷ್ಟು ಕೊಡಬಹುದು?

ಫೆಬ್ರವರಿ ಕೊನೆಯಲ್ಲಿ ನಮ್ಮ ಐಟಿಐ ಹುಡುಗನೊಬ್ಬ ವರ್ಕ್‌ಶಾಪ್ ಬಾಗಿಲಲ್ಲಿ ನಿಂತು, "ಸಾರ್, ನಮ್ ದೊಡ್ಡಪ್ಪನ ಯೆಜ್ಡಿ ಒಂದು ಬ್ಯಾರನ್ ಮನೇಲಿ ಬಿದ್ದಿದೆ. ಗುಜರಿಯವನು ಐದು ಸಾವಿರ ಅಂತಾನೆ. ನೀವು ಒಂದ್ಸಲ ನೋಡ್ತೀರಾ?" ಅಂದ. ನಾನು ಮೈಸೂರಿನಲ್ಲಿ ಫಿಟ್ಟರ್ ಟ್ರೇಡ್ ಕಲಿಸುತ್ತೇನೆ. ಹಳೆಯ ಜಾವಾ, ಯೆಜ್ಡಿ ಬೈಕುಗಳನ್ನು ಬಿಚ್ಚಿ ಕಟ್ಟುವ ಹುಚ್ಚು ನನಗಿದೆ ಅಂತ ಮಕ್ಕಳಿಗೆಲ್ಲ ಗೊತ್ತು. ಭಾನುವಾರ ಹೊರಟೆವು. ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯುವ ಊರು. ಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಮನೆಗೇ ಅಲ್ಲಿ ಬ್ಯಾರನ್ ಅನ್ನುತ್ತಾರೆ.

ಗಾಡಿ 1984ರ ರೋಡ್‌ಕಿಂಗ್, ಯೆಜ್ಡಿಯದೇ ಒಂದು ಮಾಡೆಲ್. ಸೊಪ್ಪು ಬೇಯಿಸುವ ಕಾಲ ಮುಗಿದಿದ್ದರಿಂದ ಬ್ಯಾರನ್ ಖಾಲಿ ಇತ್ತು. ಹಿಂದಿನ ಗೋಡೆಗೆ ಒರಗಿಸಿದ್ದರು. ಎರಡೂ ಟೈರು ನೆಲಕ್ಕೆ ಅಂಟಿದ್ದವು. ಸೀಟಿನ ರೆಕ್ಸಿನ್ ಹರಿದು ಸ್ಪಂಜು ಕಾಣುತ್ತಿತ್ತು. ಮೂಸಿದರೆ ಇನ್ನೂ ಹೊಗೆಸೊಪ್ಪಿನದೇ ವಾಸನೆ. ಬ್ಯಾರನ್ ಗೋಡೆ ದಪ್ಪ, ಒಳಗೆ ಮಳೆ ಬೀಳಲ್ಲ, ವರ್ಷಕ್ಕೆ ಕೆಲವು ತಿಂಗಳು ಒಳಗೆ ಬಿಸಿ. ತೆಂಗಿನ ಗರಿ ಕೆಳಗೆ ಬಿದ್ದಿರುವ ಗಾಡಿಗಿಂತ ಇದರ ತುಕ್ಕು ಎಷ್ಟೋ ಕಡಿಮೆ ಇತ್ತು.

ಗಾಡಿಯ ಮಾಲೀಕರಾಗಿದ್ದ ದೊಡ್ಡಪ್ಪ ತೀರಿಹೋಗಿದ್ದಾರೆ. ಹುಡುಗನ ಅಪ್ಪ, ಅಂದರೆ ಅವರ ತಮ್ಮ, ಮೊದಲೇ ಬೆಲೆ ಹೇಳಿಬಿಟ್ಟರು. "ನಲವತ್ತೈದು ಸಾವ್ರ ಕೊಟ್ಬುಡಿ ಸಾ. ಇಂಟರ್ನೆಟ್ಟಲ್ಲಿ ಒಂದೂಕಾಲು ಲಕ್ಷ ಅಂತಾವ್ರೆ. ವಿಂಟೇಜ್ ಗಾಡಿ ಕಣ್ ಸಾ ಇದು."

ಒಂದು ಕಡೆ ಐದು ಸಾವಿರ, ಇನ್ನೊಂದು ಕಡೆ ನಲವತ್ತೈದು. ಎರಡೂ ಈ ಗಾಡಿಯನ್ನು ನೋಡಿ ಹೇಳಿದ ಬೆಲೆ ಅಲ್ಲ. ಗುಜರಿಯವನು ನೋಡಿದ್ದು ಸುಮಾರು 140 ಕೆಜಿ ಕಬ್ಬಿಣವನ್ನು. ತಮ್ಮ ನೋಡಿದ್ದು ಬೆಂಗಳೂರಲ್ಲಿ ಯಾರೋ ಪೂರ್ತಿ ರೆಡಿ ಮಾಡಿ, ಪಾಲಿಶ್ ಹೊಡೆದು, ಫೋಟೋ ತೆಗೆದ ಬೇರೆ ಗಾಡಿಯನ್ನು. ಅದೂ ಮಾಲೀಕ ಕೇಳುವ ಬೆಲೆ. ಆ ಬೆಲೆಗೆ ಮಾರಾಟ ಆಯಿತಾ ಇಲ್ಲವಾ ಅಂತ ಯಾರೂ ಬರೆಯಲ್ಲ.

ವಿಂಟೇಜ್ ಮಾತನ್ನೂ ಇಲ್ಲೇ ಮುಗಿಸುತ್ತೇನೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು ಗಾಡಿಗೆ 50 ವರ್ಷ ತುಂಬಿರಬೇಕು. ಈ ರೋಡ್‌ಕಿಂಗ್‌ಗೆ ಅದು 2034ಕ್ಕೆ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನಾ ಓಡಿಸುವ ಹಾಗೂ ಇಲ್ಲ. ಹಾಗಾಗಿ ಆ ಪದಕ್ಕೆ ನಾನು ಒಂದು ರೂಪಾಯಿಯನ್ನೂ ಜಾಸ್ತಿ ಕೊಡಲ್ಲ. ಆದರೆ ಯೆಜ್ಡಿ ಅಂದರೆ ನಮ್ಮೂರಲ್ಲಿ ಬೇರೆಯೇ ಮಾತು, ಅದನ್ನು ಒಪ್ಪುತ್ತೇನೆ. ಮೊದಲು ಜಾವಾ, ಆಮೇಲೆ ಯೆಜ್ಡಿ ಅನ್ನುವ ಹೆಸರಲ್ಲಿ 1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಿಂದ ಬಂದ ಗಾಡಿಗಳಿವು. ಮೈಸೂರಿನ ಎಷ್ಟೋ ಮನೆಗಳಿಗೆ ಅಲ್ಲಿಂದ ಅನ್ನ ಬಂದಿದೆ. ಜುಲೈ ಎರಡನೇ ಭಾನುವಾರ ಜಾವಾ ದಿನಕ್ಕೆ ಇವು ಸಾಲಾಗಿ ಹೊರಟರೆ ಫುಟ್‌ಪಾತಲ್ಲಿ ನಿಂತ ಅಜ್ಜಂದಿರು ಕೈ ಎತ್ತುತ್ತಾರೆ. ಆ ಪ್ರೀತಿಗೂ ಬೆಲೆಯಲ್ಲಿ ಜಾಗ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಮೊದಲು ಕೇಳಿದ್ದು ಆರ್‌ಸಿ. ಇಂಜಿನ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. 2016ರಲ್ಲಿ ಈ ಪಾಠವನ್ನು ದುಡ್ಡು ಕೊಟ್ಟು ಕಲಿತೆ. ಒಬ್ಬ ವ್ಯಾಪಾರಿಯಿಂದ 35,000ಕ್ಕೆ ಒಂದು ಯೆಜ್ಡಿ ತಂದೆ. ನೋಡಲು ತುಂಬಾ ಚೆನ್ನಾಗಿತ್ತು. ಮನೆಗೆ ತಂದು ಬಣ್ಣ ಕೆರೆದಾಗ ಚೇಸಿಸ್ ನಂಬರ್ ಉಜ್ಜಿ ಮತ್ತೆ ಹೊಡೆದದ್ದು ಕಾಣಿಸಿತು. ನನ್ನ ಹೆಸರಿಗೆ ಮಾಡಿಸಲು ಆಗಲೇ ಇಲ್ಲ. ಎರಡು ವರ್ಷ ಅಂಗಳದಲ್ಲಿ ನಿಂತಿತ್ತು. ಅದನ್ನು ದಾಟಿಕೊಂಡು ಕೆಲಸಕ್ಕೆ ಹೋಗುವಾಗ ದಿನಾ ಹೊಟ್ಟೆ ಉರಿಯುತ್ತಿತ್ತು. ಅವತ್ತಿನಿಂದ ಜೇಬಲ್ಲಿ ಸೀಮೆಎಣ್ಣೆ ಬಟ್ಟೆ, ಟಾರ್ಚು ಎರಡೂ ಇರುತ್ತವೆ.

ಇಲ್ಲಿ ದೊಡ್ಡಮ್ಮ ಒಳಗಿಂದ ಒಂದು ಬಿಸ್ಕತ್ತು ಡಬ್ಬಿ ತಂದರು. ಅದರಲ್ಲಿ ಹಳೆಯ ಆರ್‌ಸಿ ಪುಸ್ತಕ ಇತ್ತು. ಕೆಎ ಬರುವುದಕ್ಕೂ ಮುಂಚಿನ ಮೂರಕ್ಷರದ ನಂಬರ್. ನಂಬರ್ ಹೊಡೆದಿರುವ ಚೇಸಿಸ್ ಕೊರಳನ್ನು ಸೀಮೆಎಣ್ಣೆ ಹಾಕಿ ಉಜ್ಜಿದೆ. ಹುಡುಗ ಪುಸ್ತಕ ನೋಡಿ ಒಂದೊಂದೇ ಅಂಕಿ ಓದಿದ, ನಾನು ಬೆರಳಿಟ್ಟು ನೋಡಿದೆ. ಪೂರ್ತಿ ಹೊಂದಿತು. ಇಂಜಿನ್ ನಂಬರೂ ಹೊಂದಿತು. ನನಗೆ ಆಗಲೇ ಅರ್ಧ ಸಮಾಧಾನ.

ಉಳಿದರ್ಧ ಅಷ್ಟು ಸುಲಭ ಇರಲಿಲ್ಲ. ನೋಂದಣಿ 2004ಕ್ಕೆ ಮುಗಿದಿದೆ. ಮಾಲೀಕರು ತೀರಿಕೊಂಡಿದ್ದಾರೆ. ಅಂದರೆ ಬರೀ ಮಾಲೀಕತ್ವ ವರ್ಗಾವಣೆಯ 29, 30ನೇ ಫಾರಂಗೆ ಸಹಿ ಹಾಕಿಸಿಕೊಂಡು ಬರುವ ಕೆಲಸ ಅಲ್ಲ ಇದು. ಮೊದಲು 31ನೇ ಫಾರಂನಲ್ಲಿ ವಾರಸುದಾರರ ಹೆಸರಿಗೆ ಆಗಬೇಕು. ಅದಕ್ಕೆ ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮದುವೆಯಾಗಿ ಮೈಸೂರಲ್ಲಿರುವ ಇಬ್ಬರು ಹೆಣ್ಣುಮಕ್ಕಳ ಒಪ್ಪಿಗೆ ಬೇಕು. ಆರ್‌ಟಿಒ ಕಂಪ್ಯೂಟರ್‌ನಲ್ಲಿ ಇಷ್ಟು ಹಳೆಯ ಗಾಡಿಯ ವಿವರ ಇಲ್ಲದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೆಯ ವಿವರವನ್ನು ಈಗ ಕಂಪ್ಯೂಟರಿಗೆ ಸೇರಿಸುವ ಕೆಲಸ, ಮಾಡಿಸಬೇಕು, ಆರ್‌ಟಿಒ ದಾಖಲೆಯ ನಕಲಾದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಬೇಕು. ಗಾಡಿ ರೆಡಿಯಾದ ಮೇಲೆ 25ನೇ ಫಾರಂ ಕೊಟ್ಟು, ಇನ್ಸ್‌ಪೆಕ್ಟರ್‌ಗೆ ತೋರಿಸಿ ನೋಂದಣಿ ನವೀಕರಣ, ಹಸಿರು ತೆರಿಗೆ, ತಡ ಆಗಿದ್ದಕ್ಕೆ ದಂಡ, ಇನ್ಶೂರೆನ್ಸ್. ಇಷ್ಟನ್ನೂ ನಾನು ಜಗಲಿ ಮೇಲೆ ಕೂತು ಅವರ ಎದುರಿಗೇ ಬರೆದೆ. ತಮ್ಮ ಸುಮ್ಮನಾದರು. ಅವರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ಆಮೇಲೆ ಇಂಜಿನ್. ಕಿಕ್ಕರ್ ಒತ್ತಿದರೆ ಕಲ್ಲು. ನಿಂತಲ್ಲೇ ಹಿಡಿದುಕೊಂಡಿದೆ. ಇಲ್ಲಿ ತುಂಬಾ ಜನ ಹೆದರಿ ವಾಪಸ್ ಹೋಗುತ್ತಾರೆ, ಇಲ್ಲವೇ ಹೆದರಿಸಿ ಬೆಲೆ ಇಳಿಸುತ್ತಾರೆ. ಎರಡೂ ಬೇಡ. ಯಾಕೆ ಹಿಡಿದಿದೆ ಅಂತ ನೋಡಬೇಕು. ಟು ಸ್ಟ್ರೋಕ್ ಇಂಜಿನ್‌ನಲ್ಲಿ ಅದಕ್ಕೊಂದು ಅನುಕೂಲ ಇದೆ. ಸೈಲೆನ್ಸರ್ ಪೈಪ್ ಬಿಚ್ಚಿದರೆ ಹೊಗೆ ಹೊರಬರುವ ಕಿಂಡಿ, ಅಂದರೆ ಪೋರ್ಟ್‌ನಿಂದಲೇ ಪಿಸ್ಟನ್ ಮೈ ಕಾಣುತ್ತದೆ. ಓಡುವಾಗ ಬಿಸಿಯಾಗಿ ಸೀಜ್ ಆಗಿದ್ದರೆ ಪಿಸ್ಟನ್ ಮೇಲೆ ಉದ್ದುದ್ದ ಗೀರು ಬಿದ್ದಿರುತ್ತದೆ, ಅಲ್ಯೂಮಿನಿಯಂ ಮೇಣದ ಹಾಗೆ ಬಳಿದುಕೊಂಡಿರುತ್ತದೆ. ಅಂಥದ್ದಾದರೆ ಕ್ರ್ಯಾಂಕಿಗೂ ಪೆಟ್ಟು ಬಿದ್ದಿರುವ ಅನುಮಾನ. ಸುಮ್ನೆ ನಿಂತು ತುಕ್ಕು ಹಿಡಿದಿದ್ದರೆ ಗೀರು ಇರಲ್ಲ, ಕಂದು ಬಣ್ಣದ ಪುಡಿ ಇರುತ್ತದೆ. ಟಾರ್ಚ್ ಹಾಕಿ ನೋಡಿದೆ. ಕಂದು ಪುಡಿ. ಗೀರು ಒಂದೂ ಇಲ್ಲ. ಹುಡುಗನಿಗೂ ತೋರಿಸಿದೆ. ಅವನ ಅಪ್ಪನೂ ಬಗ್ಗಿ ನೋಡಿದರು.

ಅವರ ಒಪ್ಪಿಗೆ ಕೇಳಿ ಹೆಡ್ ಬಿಚ್ಚಿದೆ. ಮಸಿ ಕೆರೆದಾಗ ಪಿಸ್ಟನ್ ತಲೆ ಮೇಲೆ 50 ಅಂತ ಇತ್ತು. ಈ ಇಂಜಿನ್‌ನ ಮೂಲ ಬೋರ್, ಅಂದರೆ ಸಿಲಿಂಡರ್ ಒಳಗಿನ ಅಗಲ, 65 ಮಿಲಿಮೀಟರ್. 50 ಅಂದರೆ ಅರ್ಧ ಮಿಲಿಮೀಟರ್ ದೊಡ್ಡದು ಮಾಡಿದ್ದಾರೆ. ಇನ್ನೂ 75, 100 ಎರಡು ಸೈಜ್ ಬಾಕಿ. ಸಿಲಿಂಡರ್ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಹೊಡೆಸುವ ಕೆಲಸ ಸದ್ಯಕ್ಕಿಲ್ಲ. ಇದು ಒಳ್ಳೆಯ ಸುದ್ದಿ, ಅದನ್ನೂ ಅವರಿಗೆ ಹೇಳಿದೆ. ಮಾರುವವರ ಗಾಡಿಯ ಕೆಟ್ಟದ್ದನ್ನು ಮಾತ್ರ ಎಣಿಸಿ ಹೇಳಿ ಒಳ್ಳೆಯದನ್ನು ಮನಸ್ಸಲ್ಲೇ ಇಟ್ಟುಕೊಳ್ಳುವುದು ನನಗೆ ಮೋಸ ಅನ್ನಿಸುತ್ತದೆ. ಅದರಲ್ಲೂ ನನ್ನ ಶಿಷ್ಯನ ಮನೆಯಲ್ಲಿ.

ಕನೆಕ್ಟಿಂಗ್ ರಾಡ್ ಆಟ ಇದೆಯಾ, ಬೇರಿಂಗ್ ಹೇಗಿದೆ, ಆಯಿಲ್ ಸೀಲ್ ಹೇಗಿದೆ ಅನ್ನುವುದು ತಿರುಗದ ಇಂಜಿನ್‌ನಲ್ಲಿ ಗೊತ್ತಾಗಲ್ಲ. ಹೀಗೆ ನೋಡಲು ಆಗದ್ದನ್ನೆಲ್ಲ ಕೆಟ್ಟಿದೆ ಅಂತಲೇ ಬರೆದುಕೊಳ್ಳುತ್ತೇನೆ. ಇಷ್ಟು ವರ್ಷ ನಿಂತ ಗಾಡಿಯ ಸೀಲ್ ಹೇಗೂ ಒಣಗಿ ಗಟ್ಟಿಯಾಗಿರುತ್ತದೆ. ಚೇಸಿಸ್‌ನಲ್ಲಿ ವೆಲ್ಡಿಂಗ್ ಇರಲಿಲ್ಲ, ಹಿಂದಿನಿಂದ ದಾರ ಹಿಡಿದು ನೋಡಿದರೆ ಎರಡೂ ಚಕ್ರ ನೇರ. ಟ್ಯಾಂಕ್ ಒಳಗೆ ತುಕ್ಕು ಇತ್ತು, ತೂತು ಇರಲಿಲ್ಲ. ಸ್ಪೀಡೋಮೀಟರ್, ಎಡಗಡೆ ಸೈಲೆನ್ಸರ್, ಕಾರ್ಬುರೇಟರ್ ಇರಲೇ ಇಲ್ಲ. ಒಡೆದ ಭಾಗಕ್ಕಿಂತ ಇಲ್ಲದ ಭಾಗಕ್ಕೆ ನಾನು ಜಾಸ್ತಿ ಹೆದರುತ್ತೇನೆ. ಒಡೆದದ್ದನ್ನು ಲೇತ್‌ನಲ್ಲೋ ವೆಲ್ಡಿಂಗ್‌ನಲ್ಲೋ ಸರಿ ಮಾಡಬಹುದು. ಇಲ್ಲದ್ದನ್ನು ಗುಜರಿ ಗುಜರಿ ಅಲೆದು ಹುಡುಕಬೇಕು, ಇಲ್ಲವೇ ಈಗಿನ ಡೂಪ್ಲಿಕೇಟ್ ತಂದು ಕೂರುವ ಹಾಗೆ ತಿದ್ದಬೇಕು.

ಇಷ್ಟಾದ ಮೇಲೆ ಪುಸ್ತಕದಲ್ಲಿ ಲೆಕ್ಕ. ನಾನು ಕೆಳಗಿನಿಂದ ಕೂಡಿಸಲ್ಲ, ಮೇಲಿನಿಂದ ಕಳೆಯುತ್ತೇನೆ. ಕಳೆದ ಒಂದು ವರ್ಷದಲ್ಲಿ ನನಗೆ ಗೊತ್ತಿರುವವರ ನಡುವೆ, ಓಡುವ, ಕಾಗದ ಸರಿ ಇರುವ ಮೂರು ರೋಡ್‌ಕಿಂಗ್ ಕೈ ಬದಲಾದವು. 85,000, 92,000, 1,10,000. ಕೊನೆಯದು ಬಹಳ ಚೆನ್ನಾಗಿ ಮಾಡಿದ್ದ ಗಾಡಿ, ನನ್ನ ಕೈಯಲ್ಲಿ ಅಷ್ಟು ಆಗಲ್ಲ. ಹಾಗಾಗಿ ಪೂರ್ತಿಯಾದ ಗಾಡಿಗೆ 90,000 ಅಂತ ಬರೆದೆ. ಅದರಿಂದ ಕಳೆಯುತ್ತಾ ಹೋದೆ. ಬೋರ್, ಪಿಸ್ಟನ್, ಕ್ರ್ಯಾಂಕ್, ಬೇರಿಂಗ್, ಸೀಲ್, ಕ್ಲಚ್ ಪ್ಲೇಟ್ ಸೇರಿ 17,000. ಕ್ರೋಮ್ 12,000. ಪೇಂಟ್ 10,000. ವೈರಿಂಗ್, ಕಾಯಿಲ್, ಬ್ಯಾಟರಿ 6,000. ಟೈರ್, ಟ್ಯೂಬ್, ಚೈನ್ ಸೆಟ್, ಬ್ರೇಕ್ ಲೈನರ್ 9,000. ಇಲ್ಲದ ಮೂರು ಭಾಗಕ್ಕೆ 9,000. ಸೀಟು, ಕೇಬಲ್, ರಬ್ಬರ್ 4,000. ಕಾಗದಕ್ಕೆ 6,000. ಒಟ್ಟು 73,000. ಬಿಚ್ಚಿದ ಮೇಲೆ ಗೊತ್ತಾಗುವ ಖರ್ಚಿಗೆ ಇನ್ನೊಂದು 7,000. ಉಳಿದದ್ದು 10,000. ನನ್ನ ಕೂಲಿಯನ್ನು ಇದರಲ್ಲಿ ಸೇರಿಸಿಲ್ಲ. ಅದನ್ನು ಸೇರಿಸಿದರೆ ಯಾವ ಹಳೆಯ ಗಾಡಿಯನ್ನೂ ಯಾರೂ ತರಲ್ಲ.

ಬರೀ ಲೆಕ್ಕದ ಪ್ರಕಾರ ಹತ್ತು ಸಾವಿರ. ಆದರೆ ನಾನು ಲಾಭಕ್ಕೆ ತರುತ್ತಿಲ್ಲ, ಅಲ್ವಾ? ನನಗೆ ಈ ಗಾಡಿ ಬೇಕು. ಮಳೆಗಾಲ ಪೂರ್ತಿ ಸಂಜೆ ಹೊತ್ತು ಅದರ ಜೊತೆ ಕೂರಬೇಕು. ಆ ಆಸೆಗೆ ಎಷ್ಟು ದುಡ್ಡು ವಾಪಸ್ ಬಾರದಿದ್ದರೂ ನನಗೆ ಬೇಜಾರಿಲ್ಲ ಅಂತ ಕೇಳಿಕೊಂಡೆ. 8,000 ಅನ್ನಿಸಿತು. ಅದನ್ನು ಬೇರೆ ಸಾಲಿನಲ್ಲೇ ಬರೆಯುತ್ತೇನೆ. ರಿಪೇರಿ ಖರ್ಚಿನ ಜೊತೆ ಕಲಸಿಬಿಟ್ಟರೆ ಆಸೆ ಎಷ್ಟು ತಿಂದಿತು ಅಂತ ಗೊತ್ತಾಗಲ್ಲ. ಒಟ್ಟು 18,000.

ಇನ್ನು ಅವರ ಕಡೆಯಿಂದ ನೋಡಬೇಕು. ಬಿಡಿ ಬಿಡಿಯಾಗಿ ಮಾರಿದರೆ ಇಂಜಿನ್, ಟ್ಯಾಂಕ್, ಹಬ್, ಫೋರ್ಕ್, ಹೆಡ್‌ಲೈಟ್ ಎಲ್ಲ ಸೇರಿ ಇಪ್ಪತ್ತು ಸಾವಿರ ಆಗಬಹುದು. ಅದಕ್ಕೆ ಒಂದು ವರ್ಷ ಓಡಾಡಬೇಕು, ಗಾಡಿಯೂ ಹೋಗುತ್ತದೆ. ಹದಿನೆಂಟು ಹೇಳಿದರೆ ಮೋಸ ಆಗಲ್ಲ ಅಂತ ಗಟ್ಟಿಯಾಯಿತು. ಪುಸ್ತಕವನ್ನೇ ತಮ್ಮನ ಕೈಗೆ ಕೊಟ್ಟೆ. ಅವರು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. ಕ್ರೋಮ್‌ಗೆ ಹನ್ನೆರಡು ಸಾವಿರ ಯಾಕೆ ಅಂತ ಕೇಳಿದರು. ರಿಮ್, ಸೈಲೆನ್ಸರ್, ಹ್ಯಾಂಡಲ್, ಒಂದೊಂದನ್ನೂ ಮುಟ್ಟಿ ತೋರಿಸಿದೆ. "ಲೆಕ್ಕ ಸರಿಯಾಗೈತೆ ಸಾ. ಆದ್ರೂ ಹದಿನೆಂಟು ಕಮ್ಮಿ ಆಯ್ತು" ಅಂದರು.

ಆಗ ದೊಡ್ಡಮ್ಮ ಮಾತಾಡಿದರು. "ಅಟ್ಟದ ಮೇಲೆ ಅವ್ರು ಏನೋ ಗೋಣಿಚೀಲದಲ್ಲಿ ಕಟ್ಟಿಕ್ಕವ್ರೆ ನೋಡ್ಲಾ" ಅಂತ ಹುಡುಗನಿಗೆ ಹೇಳಿದರು. ಅವನು ಏಣಿ ಹತ್ತಿದ. ಚೀಲದಲ್ಲಿ ಎಡಗಡೆ ಸೈಲೆನ್ಸರ್, ಎಣ್ಣೆ ಬಟ್ಟೆ ಸುತ್ತಿದ ಸ್ಪೀಡೋಮೀಟರ್. ಎರಡೂ ಮೈಸೂರಿನ ಮೂಲ ಭಾಗ. ಅವರು ಗಾಡಿ ಓಡಿಸುವುದನ್ನು ಬಿಟ್ಟ ವರ್ಷ ಯಾರೂ ಕದಿಯಬಾರದು ಅಂತ ಬಿಚ್ಚಿಟ್ಟಿದ್ದರಂತೆ. ಕಾರ್ಬುರೇಟರ್ ಮಾತ್ರ ಸಿಗಲಿಲ್ಲ.

ಅವರು ಕೇಳುವ ಮುಂಚೆಯೇ ಪುಸ್ತಕ ವಾಪಸ್ ತೆಗೆದುಕೊಂಡೆ. ಇಲ್ಲದ ಭಾಗಕ್ಕೆ ಬರೆದ 9,000ದಲ್ಲಿ 7,000 ಹೊಡೆದು ಹಾಕಿದೆ. "ಅಮ್ಮ, ಇಪ್ಪತ್ತೈದು ಕೊಡ್ತೀನಿ. ಕಾಗದಕ್ಕೆ ಓಡಾಡೋ ಕೆಲಸದಲ್ಲಿ ನಾನೂ ಜೊತೆಗಿರ್ತೀನಿ" ಅಂದೆ. ಅವರು ಮೈದುನನ ಮುಖ ನೋಡಿದರು. ಆಮೇಲೆ ಸೈಲೆನ್ಸರ್ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. "ಓಡ್ಸೋ ಹಂಗೆ ಆದಾಗ ಒಂದ್ಸಲ ಇಲ್ಲಿಗೆ ತಂದು ತೋರ್ಸಿ" ಅಂದರು. ಬೇರೆ ಏನೂ ಕೇಳಲಿಲ್ಲ.

ಐದು ಸಾವಿರ ಮುಂಗಡ ಕೊಟ್ಟು, ಬಿಳಿ ಹಾಳೆಯಲ್ಲಿ ಇಬ್ಬರೂ ಬರೆದುಕೊಂಡೆವು. ವಂಶವೃಕ್ಷ ಕೈಗೆ ಬಂದ ದಿನ ಹತ್ತು, ಅಮ್ಮನ ಹೆಸರಿಗೆ ಆಗಿ ವರ್ಗಾವಣೆ ಫಾರಂಗೆ ಸಹಿ ಹಾಕಿದ ದಿನ ಉಳಿದ ಹತ್ತು. ಅಲ್ಲಿಯವರೆಗೆ ಗಾಡಿ ಬ್ಯಾರನ್‌ನಲ್ಲೇ ಇರುತ್ತದೆ. ಪಿಸ್ಟನ್ ಬಿಟ್ಟುಕೊಂಡರೂ ಬಿಟ್ಟುಕೊಳ್ಳದಿದ್ದರೂ ಬೆಲೆ ಬದಲಾಗಲ್ಲ ಅಂತಲೂ ಬರೆದೆ, ಯಾಕೆಂದರೆ ಹಿಡಿದುಕೊಂಡಿದೆ ಅಂತಲೇ ನಾನು ಲೆಕ್ಕ ಹಾಕಿದ್ದು.

ಬರುವ ಮುಂಚೆ ಸಿಲಿಂಡರ್‌ಗೆ ಡೀಸೆಲ್ ಸುರಿದು ಹೆಡ್ ಮುಚ್ಚಿದೆ. ದಿನಾ ಸಂಜೆ ಗೇರ್ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸು, ಜೋರು ಮಾಡಬೇಡ ಅಂತ ಹುಡುಗನಿಗೆ ಹೇಳಿ ಬಂದೆ. ಹದಿನೆಂಟು ದಿನ ಏನೂ ಆಗಲಿಲ್ಲ. ಮೊನ್ನೆ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. "ಸಾರ್, ಒಂದು ಬೆರಳಷ್ಟು ಸರೀತು."