ಈ ಹಳೆ ಚಾಕು ಎಷ್ಟಕ್ಕೆ ಹೋಗುತ್ತೆ?

"ಸರ್, ಗ್ಯಾರೇಜ್ ಸೇಲ್‌ನಲ್ಲಿ ಒಂದು ಹಳೆ ಮಿಲಿಟರಿ ಚಾಕು ಸಿಕ್ಕಿದೆ. ಎಷ್ಟಕ್ಕೆ ಹೋಗುತ್ತೆ?"

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಕನ್ನಡ ಕೂಟದ ಗೆಳೆಯರು ಕೇಳುತ್ತಾರೆ, ಅವರ ಆಫೀಸಿನವರು ಕೇಳುತ್ತಾರೆ, ಮುಖವೇ ನೋಡದವರೂ ಮೆಸೇಜ್ ಮಾಡಿ ಕೇಳುತ್ತಾರೆ. ಜೊತೆಗೆ ಒಂದು ಫೋಟೊ ಇರುತ್ತದೆ. ಫೋಟೊದಲ್ಲಿ ಚಾಕು ಫಳಫಳ ಹೊಳೆಯುತ್ತಿದ್ದರೆ ನನಗೆ ಬೇಜಾರಾಗುತ್ತದೆ. ಯಾರೋ ಅದನ್ನು ಚೆನ್ನಾಗಿ ಕಾಣಲಿ ಅಂತ ಉಜ್ಜಿದ್ದಾರೆ. ಬೆಲೆಯ ದೊಡ್ಡ ಪಾಲು ಅಲ್ಲೇ ಹೋಗಿರುತ್ತದೆ.

ಆದ್ದರಿಂದ ಉತ್ತರದ ಮುಖ್ಯ ಭಾಗವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಚಾಕುವಿಗೆ ಬೆಲೆ ಬರುವುದು ಅದು ಎಷ್ಟು ಹಳೆಯದು ಅನ್ನುವುದರಿಂದ ಮಾತ್ರ ಅಲ್ಲ. ಕಾರ್ಖಾನೆಯಿಂದ ಹೊರಬಂದಾಗ ಇದ್ದ ಎಷ್ಟು ಭಾಗ ಇನ್ನೂ ಹಾಗೇ ಉಳಿದಿದೆ ಅನ್ನುವುದರಿಂದ. ಅಲಗು, ಅದರ ಮೇಲಿನ ಲೇಪ, ಗುರುತು, ಒರೆ, ಒರೆಯ ಜೇಬಿನಲ್ಲಿದ್ದ ಸಾಣೆಕಲ್ಲು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಇಲ್ಲಿ ಸಿರಕ್ಯೂಸ್ ಸುತ್ತಮುತ್ತ, ಅಂದರೆ ನ್ಯೂಯಾರ್ಕ್ ರಾಜ್ಯದ ಒಳನಾಡಿನಲ್ಲಿ, ನನ್ನ ಹತ್ತಿರ ಬರುವ ಫೋಟೊಗಳಲ್ಲಿ ಬಹುಪಾಲು ಒಂದೇ ಚಾಕು: ಅಮೆರಿಕದ ವಾಯುಸೇನೆಯ ಪೈಲಟ್‌ಗಳಿಗೆ ಕೊಡುತ್ತಿದ್ದ ಸರ್ವೈವಲ್ ಚಾಕು, ಅಂದರೆ ಅಪಾಯದಲ್ಲಿ ಜೀವ ಉಳಿಸಿಕೊಳ್ಳಲು ಬಳಸುವ ಚಾಕು. ಅದಕ್ಕೆ ಕಾರಣ ಇದೆ. ಇದನ್ನು ತುಂಬಾ ವರ್ಷ ತಯಾರಿಸಿದ ಕ್ಯಾಮಿಲಸ್ ಕಟ್ಲರಿ ಕಂಪನಿ ಇದ್ದದ್ದು ಇದೇ ಸಿರಕ್ಯೂಸ್ ಪಕ್ಕದ ಕ್ಯಾಮಿಲಸ್ ಅನ್ನುವ ಊರಿನಲ್ಲಿ. ನೂರು ವರ್ಷಕ್ಕೂ ಜಾಸ್ತಿ ಕಾಲ ಅಲ್ಲಿ ಚಾಕು ತಯಾರಾಯಿತು. 2007ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ಕೆಲಸ ಮಾಡಿದವರ ಮನೆಗಳು ಇನ್ನೂ ಇಲ್ಲಿವೆ. ಹಾಗಾಗಿ ಮನೆ ಖಾಲಿ ಮಾಡುವ ಮಾರಾಟಗಳಲ್ಲಿ ಈ ಚಾಕುಗಳು ಈಗಲೂ ಹೊರಗೆ ಬರುತ್ತವೆ. ನಾನು ಈ ಉತ್ತರದಲ್ಲಿ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಇದನ್ನು ನೋಡಲು ಕಲಿತರೆ ಬೇರೆಯವನ್ನು ನೋಡುವುದು ಸುಲಭ.

ಗುರುತಿಸುವುದು ಕಷ್ಟವಲ್ಲ. ಐದು ಇಂಚಿನ ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು, ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ ಮಾಡಿದ ಹಿಡಿ, ತುದಿಯಲ್ಲಿ ಆರು ಮೂಲೆಯ ದಪ್ಪ ಉಕ್ಕಿನ ಗುಬುಟು. ಪ್ರತಿಯೊಂದಕ್ಕೂ ಒಂದು ಕೆಲಸ ಇದೆ. ವಿಮಾನ ಬಿದ್ದು ಒಳಗೆ ಸಿಕ್ಕಿಕೊಂಡರೆ ತೆಳು ಅಲ್ಯೂಮಿನಿಯಂ ಹೊದಿಕೆಯನ್ನು ಕತ್ತರಿಸಲು ಆ ಹಲ್ಲು. ಬಡಿಯಲು, ಒಡೆಯಲು ಆ ಗುಬುಟು. ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಗೆ ಗಾರ್ಡ್ ಅನ್ನುತ್ತಾರೆ. ಗಾರ್ಡ್‌ನಲ್ಲಿ ಎರಡು ಸಣ್ಣ ತೂತುಗಳಿವೆ. ಹಗ್ಗ ಪೋಣಿಸಿ ಕೋಲಿಗೆ ಕಟ್ಟಿದರೆ ಚಾಕು ಈಟಿಯಾಗುತ್ತದೆ. ಪೈಲಟ್ ಒಬ್ಬನೇ ಕಾಡಿನಲ್ಲಿ ಬಿದ್ದರೆ ಏನೇನು ಬೇಕಾಗಬಹುದು ಅಂತ ಯಾರೋ ಕೂತು ಯೋಚಿಸಿದ್ದು ಆ ಸಣ್ಣ ತೂತುಗಳಲ್ಲೂ ಕಾಣುತ್ತದೆ. ನನಗೆ ಈ ಚಾಕು ಇಷ್ಟವಾಗುವುದು ಅದಕ್ಕೇ.

ಈಗ ಗುರುತಿನ ವಿಷಯ. ಮೊದಲು ಬಂದವು ಆರು ಇಂಚಿನ ಅಲಗಿನವು. 1950ರ ದಶಕದ ಕೊನೆಯಲ್ಲಿ ಮಿಶಿಗನ್ ರಾಜ್ಯದ ಗ್ಲಾಡ್‌ಸ್ಟನ್ ಊರಿನ ಮಾರ್ಬಲ್ಸ್ ಕಂಪನಿ ಮಾಡಿತು. ಆಮೇಲೆ ಕ್ಯಾಮಿಲಸ್ ಕೂಡ ಸ್ವಲ್ಪ ಕಾಲ ಆರು ಇಂಚಿನವನ್ನು ಮಾಡಿತು. 1960ರ ದಶಕದ ಆರಂಭದಲ್ಲಿ ಅಲಗು ಐದು ಇಂಚಿಗೆ ಇಳಿಯಿತು. ಆರು ಇಂಚಿನವು ಕಡಿಮೆ ಸಂಖ್ಯೆಯಲ್ಲಿ ಆದವು, ಅದರಲ್ಲೂ ಮಾರ್ಬಲ್ಸ್ ಹೆಸರಿನವನ್ನು ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ಮೊದಲು ಅಳತೆ ಪಟ್ಟಿ ತೆಗೆದುಕೊಳ್ಳಿ. ಒಂದು ಇಂಚಿನ ವ್ಯತ್ಯಾಸ ಬೆಲೆಯನ್ನು ಹಲವು ಪಟ್ಟು ಮಾಡಬಹುದು.

ಐದು ಇಂಚಿನ ಕ್ಯಾಮಿಲಸ್‌ಗಳಲ್ಲಿ ಹಳೆಯವಕ್ಕೆ ಹೆಸರು ಅಲಗಿನ ಬುಡದಲ್ಲಿ, ಗಾರ್ಡ್ ಹತ್ತಿರ ಇರುತ್ತದೆ. ತಾರೀಕು ಇರುವುದಿಲ್ಲ. 1967ರ ಸುಮಾರಿನಿಂದ ಹೆಸರು ಹಿಡಿಯ ತುದಿಯ ಗುಬುಟಿಗೆ ಹೋಯಿತು, ಜೊತೆಗೆ ತಿಂಗಳು ಮತ್ತು ವರ್ಷ ಬಂತು. "5-1969" ಅಂದರೆ 1969ರ ಮೇ. ಇಲ್ಲಿಂದ ಬೆಲೆಯ ಆಟ ಶುರುವಾಗುತ್ತದೆ. ವಿಯೆಟ್ನಾಂ ಯುದ್ಧದ ವರ್ಷಗಳ ತಾರೀಕಿಗೆ ಬೇಡಿಕೆ ಜಾಸ್ತಿ. ತಾವು ಹುಟ್ಟಿದ ತಿಂಗಳು ಬೇಕು ಅಂತ ಹುಡುಕುವವರೂ ಇದ್ದಾರೆ, ಅವರು ನಾಲ್ಕು ಕಾಸು ಜಾಸ್ತಿಯೇ ಕೊಡುತ್ತಾರೆ. ಆಮೇಲೆ ಇದೇ ಚಾಕುವನ್ನು ನ್ಯೂಯಾರ್ಕ್ ರಾಜ್ಯದ ಫ್ರಾಂಕ್ಲಿನ್‌ವಿಲ್‌ನ ಒಂಟಾರಿಯೊ ನೈಫ್ ಕಂಪನಿ ದಶಕಗಳ ಕಾಲ ಮಾಡಿತು. ಅವು ಒಳ್ಳೆಯ ಚಾಕುಗಳೇ, ಆದರೆ ಸುಲಭವಾಗಿ ಸಿಗುತ್ತವೆ.

ಒಂದು ಎಚ್ಚರಿಕೆ. "ಕ್ಯಾಮಿಲಸ್" ಅನ್ನುವ ಹೆಸರು ಕಂಡ ಕೂಡಲೇ ಹಳೆಯದು ಅಂದುಕೊಳ್ಳಬೇಡಿ. ಕಾರ್ಖಾನೆ ಮುಚ್ಚಿದ ಮೇಲೆ ಹೆಸರನ್ನು ಬೇರೆ ಕಂಪನಿ ಕೊಂಡಿತು. ಅದೇ ಹೆಸರಿನ ಹೊಸ ಚಾಕುಗಳು ಅಂಗಡಿಯಲ್ಲಿವೆ. ಹೆಸರಿನ ಜೊತೆ "ಎನ್. ವೈ." (ನ್ಯೂಯಾರ್ಕ್) ಇದೆಯಾ, ಅಕ್ಷರದ ರೀತಿ ಯಾವುದು, ಎಲ್ಲಿ ಒತ್ತಿದ್ದಾರೆ ಅಂತ ನೋಡಬೇಕು.

ಇನ್ನು ಉಜ್ಜುವ ವಿಷಯ. ಇದರ ಬಗ್ಗೆ ನಾನು ಎಷ್ಟು ಹೇಳಿದರೂ ಕಡಿಮೆ. ಆಯುಧಪೂಜೆಗೆ ಮನೆಯ ಕತ್ತಿ, ಮಚ್ಚು ಎಲ್ಲ ತಿಕ್ಕಿ ತೊಳೆದು ಹೊಳೆಯುವ ಹಾಗೆ ಮಾಡಿ ಬೆಳೆದವರು ನಾವು. ಹಳೆ ಚಾಕು ಸಿಕ್ಕರೆ ಕೈ ತಾನಾಗೇ ಉಪ್ಪುಕಾಗದಕ್ಕೆ ಹೋಗುತ್ತದೆ. ಆದರೆ ಈ ಚಾಕು ಯಾವತ್ತೂ ಹೊಳೆಯುತ್ತಿರಲಿಲ್ಲ. ಅಲಗು, ಗಾರ್ಡ್, ಗುಬುಟು ಎಲ್ಲದಕ್ಕೂ ಫಾಸ್ಫೇಟ್ ಲೇಪ ಹಾಕುತ್ತಿದ್ದರು. ಅದು ಬೂದು ಬಣ್ಣಕ್ಕೂ ಕಪ್ಪಿಗೂ ನಡುವಿನ ಮಂಕು ಬಣ್ಣ. ಬಿಸಿಲಿಗೆ ಮಿನುಗಬಾರದು, ತುಕ್ಕು ಬೇಗ ಹಿಡಿಯಬಾರದು ಅಂತ. ಒಳಗಿನದು ಕಾರ್ಬನ್ ಉಕ್ಕು, ಲೇಪ ಹೋದರೆ ತುಕ್ಕು ಬರುವುದು ಖಂಡಿತ. ಒಂದು ಸಲ ಉಜ್ಜಿದರೆ ಆ ಲೇಪ ಹೋಯಿತು, ಮತ್ತೆ ತರಲು ಆಗುವುದಿಲ್ಲ. ಹೊಸದಾಗಿ ಹಾಕಿಸಬಹುದು, ಆದರೆ ನೋಡಿ ಅಭ್ಯಾಸ ಇರುವವರಿಗೆ ಗೊತ್ತಾಗುತ್ತದೆ, ಬೆಲೆ ವಾಪಸ್ ಬರುವುದಿಲ್ಲ.

ಅಲ್ಲಲ್ಲಿ ಸವೆದು ಬಿಳಿಯಾದ ಲೇಪ ತಪ್ಪಲ್ಲ. ಒರೆಯಿಂದ ತೆಗೆದು ಹಾಕಿ ಆದ ಸವೆತ ಅದು, ಸಹಜ. ಮೇಲ್ಮೇಲೆ ಇರುವ ತುಕ್ಕಿಗೆ ತೆಳು ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಒರೆಸಿ. ಅಷ್ಟೇ ಸಾಕು. ಗುಳಿ ಬಿದ್ದಿದ್ದರೆ ಗುಳಿಯಾಗಿಯೇ ಇರಲಿ. ಆದರೆ ಹಿಡಿಯ ಚರ್ಮಕ್ಕೆ ಎಣ್ಣೆ ಸುರಿಯಬೇಡಿ, ಮೆತ್ತಗಾಗಿ ಬಣ್ಣ ಕೆಡುತ್ತದೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ರೂಪಿಸಿದ ರಿನೇಸಾನ್ಸ್ ವ್ಯಾಕ್ಸ್ ಅನ್ನುವ ಮೇಣ ಸಿಗುತ್ತದೆ. ನಾನು ಅದನ್ನೇ ತೆಳುವಾಗಿ ಹಚ್ಚುತ್ತೇನೆ.

ಸಾಣೆಯೂ ಇದೇ ತರ. ಎಷ್ಟೋ ಚಾಕುಗಳನ್ನು ಯಾರೋ ಗ್ರೈಂಡರ್‌ಗೆ ಹಿಡಿದಿರುತ್ತಾರೆ. ಅಲಗಿನ ಅಗಲ ಕಡಿಮೆಯಾಗುತ್ತದೆ, ಮೊನೆ ದುಂಡಾಗುತ್ತದೆ. ಒಳ್ಳೆಯ ಪ್ರತಿಯ ಫೋಟೊ ಪಕ್ಕದಲ್ಲಿಟ್ಟು ಹೋಲಿಸಿದರೆ ತಕ್ಷಣ ಕಾಣುತ್ತದೆ. ಕಾರ್ಖಾನೆಯ ಅಂಚು ಹಾಗೇ ಇರುವ ಮೊಂಡು ಚಾಕು, ಹಾಳೆ ಕತ್ತರಿಸುವಷ್ಟು ಹರಿತವಾದ ಚಾಕುವಿಗಿಂತ ಜಾಸ್ತಿ ಬೆಲೆಗೆ ಹೋಗುತ್ತದೆ.

ಒರೆಯನ್ನು ಜನ ಮರೆಯುತ್ತಾರೆ. ನಾನು ಮೊದಲು ಒರೆಯನ್ನೇ ನೋಡುತ್ತೇನೆ. ಕಂದು ಚರ್ಮ, ಕೆಳಗೆ ಮೊನೆ ಚುಚ್ಚಿ ಹೊರಬರದ ಹಾಗೆ ತಗಡಿನ ಹೊದಿಕೆ, ಮುಂದೆ ಸಾಣೆಕಲ್ಲಿಗೆ ಒಂದು ಜೇಬು, ಕಾಲಿಗೆ ಕಟ್ಟಲು ಚರ್ಮದ ದಾರ. ಕಲ್ಲು ಮೊದಲು ಕಳೆದುಹೋಗುತ್ತದೆ, ದಾರ ಆಮೇಲೆ. ಎರಡೂ ಇದ್ದರೆ ಯಾರೋ ಅದನ್ನು ಜೋಪಾನವಾಗಿ ಇಟ್ಟಿದ್ದರು ಅಂತ ಅರ್ಥ. ಈ ಚಾಕು ಇಷ್ಟು ವರ್ಷ ತಯಾರಾದ್ದರಿಂದ ಹೊಸ ಒರೆಗಳೂ ಬೇಕಾದಷ್ಟಿವೆ. 1968ರ ಚಾಕು ಮೊನ್ನೆ ಮೊನ್ನೆಯ ಒರೆಯಲ್ಲಿ ಕೂತಿರುವುದು ಸಾಮಾನ್ಯ. ಚಾಕುವನ್ನು ಒಳಗೆ ಹಾಕಿ ನೋಡಿ. ಜೊತೆಯಾಗೇ ಹಳೆಯದಾದ ಒರೆಯ ಚರ್ಮದಲ್ಲಿ ಗಾರ್ಡ್ ಒತ್ತಿದ ಗುರುತು ಇರುತ್ತದೆ, ಅದು ಸರಿಯಾಗಿ ಅದೇ ಜಾಗಕ್ಕೆ ಕೂರಬೇಕು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಚಾಕುವನ್ನು ಒರೆಯಲ್ಲಿ ಇಟ್ಟು ಪೆಟ್ಟಿಗೆಗೆ ಹಾಕಬೇಡಿ. ಹದ ಮಾಡಿದ ಚರ್ಮದಲ್ಲಿ ಆಮ್ಲ ಇರುತ್ತದೆ, ಗಾಳಿಯ ತೇವವನ್ನೂ ಅದು ಹಿಡಿದಿಡುತ್ತದೆ. ವರ್ಷಗಟ್ಟಲೆ ಹಾಗಿದ್ದರೆ ಅಲಗು ಗುಳಿ ಬೀಳುತ್ತದೆ. ಹಿತ್ತಾಳೆ ಗುಂಡಿ ಇರುವ ಕಡೆ ಹಸಿರು ಕಿಲುಬು ಕಟ್ಟುತ್ತದೆ. ಒರೆ ಬೇರೆ, ಚಾಕು ಬೇರೆ, ಒಂದೇ ಡಬ್ಬದಲ್ಲಿ ಅಕ್ಕಪಕ್ಕ ಇರಲಿ. ಮಂಗಳೂರು, ಉಡುಪಿ ಕಡೆಯ ಮನೆಗೆ ತೆಗೆದುಕೊಂಡು ಹೋಗುವವರು ಇದನ್ನು ಎರಡು ಪಟ್ಟು ನೆನಪಿಡಿ.

ಇದರ ಜೊತೆಗೇ ಬರುವ ಪ್ರಶ್ನೆ: "ರ‍್ಯಾಂಬೋ ಚಾಕು ಇದೆ ಸರ್, ಹಿಡಿಯೊಳಗೆ ಸೂಜಿ, ದಾರ, ಗಾಳ ಎಲ್ಲ ಇದೆ. ಅದಕ್ಕೆ ಬೆಲೆ ಇದೆಯಾ?" ಬಹಳ ಮಟ್ಟಿಗೆ ಇಲ್ಲ. ಟೊಳ್ಳು ಹಿಡಿಯ ಚಾಕು ರ‍್ಯಾಂಬೋ ಪಾತ್ರದ ಹಾಲಿವುಡ್ ಸಿನಿಮಾಕ್ಕಿಂತ ಹಳೆಯದು. 1960ರ ದಶಕದಲ್ಲಿ ವಿಯೆಟ್ನಾಮಿನಲ್ಲಿದ್ದ ಸೇನಾಧಿಕಾರಿಯೊಬ್ಬರ ಸಲಹೆಯಿಂದ ಫ್ಲೋರಿಡಾದ ರಾಂಡಲ್ ಅನ್ನುವ ಚಾಕು ತಯಾರಕರು ತಮ್ಮ 18ನೇ ಮಾದರಿಯನ್ನು ಮಾಡಿದರು. 1982ರ ಆ ಸಿನಿಮಾಕ್ಕೆ ಚಾಕು ಮಾಡಿದ್ದು ಅರ್ಕನ್ಸಾಸ್‌ನ ಜಿಮ್ಮಿ ಲೈಲ್. ಅವರ ಕೈಯಿಂದ ಬಂದವು ಈಗ ಬಹಳ ದುಬಾರಿ. ಸಿನಿಮಾ ಓಡಿದ ಮೇಲೆ ಅಗ್ಗದ ನಕಲುಗಳು ರಾಶಿ ರಾಶಿ ಬಂದವು. ಅವುಗಳಲ್ಲಿ ಅಲಗಿನ ಗಿಡ್ಡ ಬಾಲವನ್ನು ತೆಳು ಕೊಳವೆಗೆ ಒಂದು ನಟ್ಟಿನಿಂದ ಬಿಗಿದಿರುತ್ತಾರೆ. ಕಟ್ಟಿಗೆ ಸೀಳಲು ಹೋದರೆ ಕಿತ್ತುಬರುತ್ತದೆ, ಕೈಗೆ ಅಪಾಯ.

ನಡುವೆ ಒಂದು ಗಟ್ಟಿ ಚಾಕು ಇದೆ: 1984ರಿಂದ 1997ರವರೆಗೆ ಬಂದ ಬಕ್ ಕಂಪನಿಯ 184, ಬಕ್‌ಮಾಸ್ಟರ್. ಅದರ ಗಾರ್ಡ್‌ಗೆ ತಿರುಗಿಸಿ ಹಾಕುವ ಎರಡು ಮೊಳೆಗಳಿವೆ. ಮೊಳೆ ಇಲ್ಲದ, ಒರೆಯ ಪುಟ್ಟ ಚೀಲ ಇಲ್ಲದ ಬಕ್‌ಮಾಸ್ಟರ್‌ಗೆ ಬೆಲೆ ತುಂಬಾ ಇಳಿಯುತ್ತದೆ. 1986ರಿಂದ ಬಕ್ ತನ್ನ ಚಾಕುಗಳ ಮೇಲೆ ವರ್ಷಕ್ಕೊಂದು ಸಣ್ಣ ಚಿಹ್ನೆ ಒತ್ತಲು ಶುರು ಮಾಡಿತು, ಅದರಿಂದ ವರ್ಷ ಹಿಡಿಯಬಹುದು. ಅಂಥದ್ದು ಪೂರ್ತಿಯಾಗಿ ಸಿಕ್ಕರೆ ಬಿಡಬೇಡಿ.

ಕಥೆಗಳ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. "ಇದು ವಿಯೆಟ್ನಾಮಿನಲ್ಲಿ ಹಾರಾಡಿದ ಪೈಲಟ್‌ದು" ಅಂತ ಮಾರುವವರು ಹೇಳುತ್ತಾರೆ. ನಿಜ ಇರಬಹುದು. ಆದರೆ ಕಾಗದ ಇಲ್ಲದ ಕಥೆಗೆ ಒಂದು ಡಾಲರೂ ಜಾಸ್ತಿ ಕೊಡಬೇಡಿ. ಒರೆಯ ಮೇಲೆ ಕೆತ್ತಿದ ಹೆಸರು ಇದ್ದು, ಅದೇ ಹೆಸರಿನ ಫೋಟೊ, ಸೇವೆಯ ದಾಖಲೆ, ಮನೆಯವರ ಪತ್ರ ಜೊತೆಗಿದ್ದರೆ ಮಾತು ಬೇರೆ. ಆಗ ಅದು ಒಬ್ಬ ಮನುಷ್ಯನ ವಸ್ತು, ಬೆಲೆಯೂ ಏರುತ್ತದೆ. ಬರಿ ಹೆಸರು ಮಾತ್ರ ಗೀಚಿದ್ದರೆ ಬಹಳ ಜನ ಅದನ್ನು ಕೊರತೆ ಅಂತಲೇ ಲೆಕ್ಕ ಹಾಕುತ್ತಾರೆ. ಹಾಗಂತ ಆ ಹೆಸರನ್ನು ಅಳಿಸಲು ಹೋಗಬೇಡಿ. ವಿಯೆಟ್ನಾಮಿನ ವಿಶೇಷ ಪಡೆಗಳ ಹೆಸರಿನಲ್ಲಿ ಬರುವ ಚಾಕುಗಳಲ್ಲಂತೂ ನಕಲಿ ಬಹಳ. ಒತ್ತಿದ ಅಕ್ಷರದ ತಳವನ್ನು ಭೂತಗನ್ನಡಿಯಲ್ಲಿ ನೋಡಿ. ಸುತ್ತಲಿನ ಲೋಹ ಸವೆದಿದ್ದು, ಅಕ್ಷರ ಮಾತ್ರ ಚೂಪಾಗಿ, ಒಳಗೆ ಬೆಳ್ಳಗೆ ಇದ್ದರೆ ಅದನ್ನು ಆಮೇಲೆ ಒತ್ತಿದ್ದಾರೆ.

ಹಾಗಾದರೆ ನಂಬರ್ ಎಷ್ಟು? ಸುಲಭವಾಗಿ ಸಿಗುವ, ಬಳಸಿದ ಐದು ಇಂಚಿನವು ನೂರು ಡಾಲರಿನ ಆಚೀಚೆ ಓಡಾಡುತ್ತವೆ. ಯುದ್ಧಕಾಲದ ತಾರೀಕು, ಪೂರ್ತಿ ಲೇಪ, ಸರಿಯಾದ ಒರೆ ಮತ್ತು ಕಲ್ಲು ಇದ್ದರೆ ಅಲ್ಲಿಂದ ಮೇಲಕ್ಕೆ. ಖಚಿತವಾಗಿ ತಿಳಿಯಲು ಇಬೇ (eBay) ಅನ್ನುವ ಮಾರಾಟದ ಜಾಲತಾಣದಲ್ಲಿ ಮಾರಾಟ ಮುಗಿದವನ್ನು ಮಾತ್ರ ತೋರಿಸುವ ಆಯ್ಕೆ ಹಾಕಿ ನೋಡಿ. ಜನ ಕೇಳುವ ಬೆಲೆಗೂ ಕೈಗೆ ಬಂದ ಬೆಲೆಗೂ ಸಂಬಂಧವೇ ಇರುವುದಿಲ್ಲ. ಕೇಳುವ ಬೆಲೆ ನೋಡಿ ಕನಸು ಕಟ್ಟಿದವರಿಗೆ ನಾನು ನಿಜ ಹೇಳುವಾಗ ನನಗೂ ಕಷ್ಟವಾಗುತ್ತದೆ.

ಊರಿಗೆ ಒಯ್ಯಬೇಕು ಅನ್ನುವವರಿಗೆ: ಕೈಚೀಲದಲ್ಲಿ ಬೇಡವೇ ಬೇಡ, ಚೆಕ್ ಇನ್ ಮಾಡುವ ಪೆಟ್ಟಿಗೆಯಲ್ಲಿ ಮಾತ್ರ. ಭಾರತದ ಆಯುಧ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು, ಮನೆ ಮತ್ತು ಹೊಲದ ಕೆಲಸದವು ಬಿಟ್ಟು, ಆಯುಧದ ಸಾಲಿಗೆ ಸೇರಿಸುತ್ತವೆ. ಪೈಲಟ್ ಚಾಕು ಅದಕ್ಕಿಂತ ಸಣ್ಣದು. ಆದರೂ ಹೊರಡುವ ಮೊದಲು ಏರ್‌ಲೈನ್ ಮತ್ತು ಕಸ್ಟಮ್ಸ್ ನಿಯಮ ಓದಿಕೊಳ್ಳಿ.

ನನಗೆ ಫೋಟೊ ಕಳಿಸುವವರು ದಯವಿಟ್ಟು ಇಷ್ಟು ಮಾಡಿ. ಕಿಟಕಿ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ತೆಗೆಯಿರಿ. ಅಲಗಿನ ಎರಡೂ ಬದಿ, ಗುಬುಟಿನ ತಲೆ, ಅಲಗಿನ ಬುಡ, ಒರೆಯ ಹಿಂದೆ ಮುಂದೆ, ಪಕ್ಕದಲ್ಲಿ ಒಂದು ಅಳತೆ ಪಟ್ಟಿ. ಅದಕ್ಕೆ ಮೊದಲು ಚಾಕುವಿಗೆ ಏನನ್ನೂ ಹಚ್ಚಬೇಡಿ, ಧೂಳು ಕೂಡ ಹಾಗೇ ಇರಲಿ.